ಎಡದಿಂದ ಬಲಕ್ಕೆ, ಒಂಬತ್ತು ಜನ

ಇದು ನಡೆದದ್ದು 2023ರ ಆಗಸ್ಟ್ ಒಂಬತ್ತನೇ ತಾರೀಕು, ಬುಧವಾರ. ತುಳುವರ ಆಟಿ ತಿಂಗಳು ಮುಗಿಯಲು ಒಂದು ವಾರ ಇತ್ತು. ರಾತ್ರಿ ಎಂಟು ಮುಕ್ಕಾಲು.

ಲಾಯಿಲದ ದೀಕ್ಷಿತಾ ಬಸ್ಸಿಳಿದಳು. ಮಿಜಾರಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಿನಾ ಏಳಕ್ಕೆಲ್ಲ ಮನೆ ಸೇರುವವಳು. ಅಂದು ಬಸ್ಸು ವೇಣೂರಿನ ಹತ್ತಿರ ಪಂಕ್ಚರ್ ಆಗಿ ತಡವಾಯಿತು. ಇಳಿದಾಗ ಬೀದಿಯಲ್ಲಿ ಕರೆಂಟೂ ಇರಲಿಲ್ಲ.

ರಸ್ತೆಯಿಂದ ಮನೆಗೆ ಆರು ನಿಮಿಷದ ದಾರಿ. ಅವಳು ಗಡಿಯಾರ ನೋಡಿಯೇ ಹೇಳುವವಳು. ಮೂರನೇ ನಿಮಿಷಕ್ಕೆ ಒಂದು ಹಳೆಯ ಬಾವಿ ಸಿಗುತ್ತದೆ. ಈಗ ಯಾರೂ ನೀರು ಸೇದುವುದಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ.

ಬಾವಿ ದಾಟಿ ಹತ್ತು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಸದ್ದು ಬಂತು.

ಟಿಕ್... ಟಿಕ್... ಟಿಕ್... ಟಿಕ್...

ಸೈಕಲಿನಿಂದ ಇಳಿದು ಅದನ್ನು ದೂಡಿಕೊಂಡು ಹೋಗುವಾಗ ಹಿಂದಿನ ಚಕ್ರದ ನಡುವಿನಿಂದ ಬರುತ್ತದಲ್ಲ, ಆ ಸದ್ದು. ಸೈಕಲು ಹಳೆಯದಿರಬೇಕು. ಟಿಕ್ಕಿನ ನಡುವೆ ತುಕ್ಕಿನ ಸಣ್ಣ ಕಿರುಗುಟ್ಟುವಿಕೆಯೂ ಇತ್ತು.

ದೀಕ್ಷಿತಾ ನಿಂತಳು. ಸದ್ದೂ ನಿಂತಿತು.

ಮೊಬೈಲಿನ ಟಾರ್ಚ್ ಹಾಕಿ ತಿರುಗಿದಳು. ಬಾವಿ ಇತ್ತು. ಜಾಲರಿ ಇತ್ತು. ರಸ್ತೆ ಖಾಲಿ.

"ಮುಂದೆ ಹೋಗುವುದಾದರೆ ಹೋಗಿ," ಎಂದಳು.

ಅವಳು ನಡೆದಳು. ಟಿಕ್... ಟಿಕ್... ಟಿಕ್... ಗೇಟಿನವರೆಗೂ ಬಂತು. ಅವಳು ಒಳಗೆ ಹೋಗಿ ಚಿಲಕ ಹಾಕಿದ ಮೇಲೆ ಹೊರಗೆ ಇನ್ನೊಂದು ಸದ್ದು... ಕಟಕ್. ಯಾರೋ ಸೈಕಲಿಗೆ ಸ್ಟ್ಯಾಂಡ್ ಹಾಕಿದ್ದರು.

ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ವಿನೋದಜ್ಜಿ ಕೂತಿದ್ದರು. ದೀಕ್ಷಿತಾಳ ಅಜ್ಜಿಯ ಕೊನೆಯ ತಂಗಿ. ವಯಸ್ಸು ಎಪ್ಪತ್ತನಾಲ್ಕು. ಮದುವೆ ಆಗಲಿಲ್ಲ, ಮೂವತ್ತಾರು ವರ್ಷ ಶಾಲೆಯಲ್ಲಿ ಪಾಠ ಮಾಡಿದರು. ಏಳು ವರ್ಷದಿಂದ ಕಣ್ಣು ಪೂರ್ತಿ ಹೋಗಿದೆ. ಅಮ್ಮ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದುದರಿಂದ ದೀಕ್ಷಿತಾಳನ್ನು ಮೀಯಿಸಿ, ಉಣ್ಣಿಸಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದ್ದು ಇವರೇ.

"ಯಾರನ್ನು ಕರ್ಕೊಂಡು ಬಂದೆ ಮಗಾ?"

"ಯಾರೂ ಇಲ್ಲ ಅಜ್ಜಿ."

"ಸೈಕಲ್ ಉಂಟಲ್ಲ ಗೇಟಿನ ಹತ್ತಿರ."

ದೀಕ್ಷಿತಾ ಗೇಟಿನ ಕಡೆ ತಿರುಗಿ ನೋಡಿದಳು.

"ಒಳಗೆ ಕರಿ," ಎಂದರು ಅಜ್ಜಿ. "ಬಂದವರನ್ನು ಹೊರಗೆ ನಿಲ್ಲಿಸುವುದು ಮರ್ಯಾದೆ ಅಲ್ಲ."

ಅವಳು ಕರೆಯಲಿಲ್ಲ. ಬಾಗಿಲು ಹಾಕಿದಳು.

*

ಇನ್ನು ಫೋಟೋದ ವಿಷಯ ಹೇಳಬೇಕು. ಎಲ್ಲದಕ್ಕೂ ಮೂಲ ಅದು.

ಮಸ್ಕತ್ತಿನಲ್ಲಿರುವ ಅಣ್ಣ ತರುಣ್ ಮೇ ತಿಂಗಳಲ್ಲಿ ಒಂದು ಸ್ಕ್ಯಾನರ್ ಕಳಿಸಿಕೊಟ್ಟಿದ್ದ. ಕುಟುಂಬದ ಹಳೆಯ ಫೋಟೋ ಎಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಗೆದ್ದಲು ಒಂದು ಮೂಲೆಯಿಂದ ತಿನ್ನಲು ಸುರು ಮಾಡಿತ್ತು. ಪೂರ್ತಿ ಹಾಳಾಗುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಹಾಕು ಎಂದ. ದೀಕ್ಷಿತಾಳಿಗೆ ಇಂಥ ಕೆಲಸ ಇಷ್ಟ. ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆಯುವುದು, ಸ್ಕ್ಯಾನ್ ಮಾಡುವುದು, ನಂಬರ್ ಕೊಡುವುದು, ಯಾರು, ಎಲ್ಲಿ, ಯಾವಾಗ ಎಂದು ಬರೆದಿಡುವುದು. ಇನ್ನೂರ ಹದಿನಾಲ್ಕು ಫೋಟೋ. ಆದಷ್ಟನ್ನು ವಾರಕ್ಕೊಮ್ಮೆ ತರುಣ್‌ಗೂ ಕಳಿಸುತ್ತಿದ್ದಳು.

ಅಷ್ಟರಲ್ಲಿ ಅವಳ ಮೂರನೇ ಸಂಬಂಧವೂ ಮುರಿಯಿತು. ಅಮ್ಮನ ಅಣ್ಣ ಮುಂಡಪ್ಪ ಮಾವ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಮನೆಯಲ್ಲಿ ಮದುವೆ ಆಗದೆ ಸತ್ತ ಹುಡುಗಿ ಒಬ್ಬಳಿದ್ದಾಳೆ, ಅವಳಿಗೆ ಮದುವೆ ಮಾಡಿಸದೆ ಉಳಿದವರದ್ದು ಆಗುವುದಿಲ್ಲ ಎಂದು ಬಂತು. ಅದು ಜಲಜಾ. ವಿನೋದಜ್ಜಿಯ ಅಕ್ಕ. 1963ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಟೈಫಾಯಿಡ್‌ನಿಂದ ತೀರಿಕೊಂಡವಳು.

ಕುಲೆಗಳ ಮದುವೆ ಅಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಸತ್ತ ಹುಡುಗಿಗೆ ಸತ್ತ ಹುಡುಗನನ್ನು ಹುಡುಕಿ, ಎರಡೂ ಕಡೆಯವರು ಕೂತು, ಇಬ್ಬರೂ ಇದ್ದಾರೆ ಎಂದೇ ತಿಳಿದು ಮಾಡುವ ಮದುವೆ. ಸೀರೆ ಉಂಟು, ಹೂ ಉಂಟು, ಊಟ ಉಂಟು. ದೀಕ್ಷಿತಾಳಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ವಿನೋದಜ್ಜಿ ಒಂದು ಮಾತು ಹೇಳಿದರು.

"ಜಲಜಕ್ಕ ನನ್ನ ಕನಸಿಗೆ ಬರ್ತಾಳೆ ಮಗಾ. ಬಾಗಿಲಲ್ಲಿ ನಿಲ್ತಾಳೆ, ಅಷ್ಟೇ. ನಾನು ಇರುವಾಗಲೇ ಅವಳದ್ದೊಂದು ಆಗಲಿ."

ಆ ಮೇಲೆ ದೀಕ್ಷಿತಾ ಬೇಡ ಎನ್ನಲಿಲ್ಲ.

ಗಂಡು ಮಾಣಿ ಎಂಬ ಊರಿನಲ್ಲಿ ಸಿಕ್ಕಿತು. ಸಂಕಪ್ಪ. 1969ರಲ್ಲಿ ಸತ್ತವನು, ಆಗ ಇಪ್ಪತ್ತೊಂದು. ಗಂಡಿನ ತಂಗಿ, ಈಗ ಎಪ್ಪತ್ತು ದಾಟಿದ ಹೆಂಗಸು, ಒಂದೇ ಒಂದು ಕೇಳಿದರು. ಹುಡುಗಿಯ ಫೋಟೋ. ಮೊದಲೆಲ್ಲ ಬಟ್ಟೆ ಇಟ್ಟರೆ ಸಾಕಿತ್ತು, ಈಗ ನಮ್ಮಲ್ಲಿ ಫೋಟೋ ಇಟ್ಟೇ ಮಾಡುವುದು ಎಂದರು.

ಜಲಜಾ ಇದ್ದ ಫೋಟೋ ಇಡೀ ಪೆಟ್ಟಿಗೆಯಲ್ಲಿ ಒಂದೇ. 1962ರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಗ್ರೂಪ್. ಅದರ ಪ್ರಿಂಟನ್ನು ಗೆದ್ದಲು ತಿಂದಿತ್ತು. ನೆಗೆಟಿವ್ ಮಾತ್ರ ಒಂದು ಲಕೋಟೆಯಲ್ಲಿ ಉಳಿದಿತ್ತು. ಲಕೋಟೆಯ ಮೇಲೆ ಯಾರೋ ಹಿರಿಯರು ಪೆನ್ಸಿಲ್ಲಿನಲ್ಲಿ ಬರೆದಿದ್ದರು: ಎಡದಿಂದ ಬಲಕ್ಕೆ. ಕೆಳಗೆ ಒಂಬತ್ತು ಹೆಸರು. ಮೂರನೆಯದು ಜಲಜಾ. ಏಳನೆಯದು ವಿನೋದಾ.

ಆ ಕಾಲದ ಸ್ಟುಡಿಯೋದವರ ಶಿಸ್ತು ನಿಮಗೆ ಗೊತ್ತಿರಬಹುದು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಎರಡೂ ತುದಿಯಲ್ಲಿ ಇಬ್ಬಿಬ್ಬರು ಗಂಡಸರು. ನಡುವೆ ಮೂವರು ಹಿರಿಯರು. ಹಿರಿಯರ ಆಚೆ ಒಬ್ಬಳು ಹುಡುಗಿ, ಈಚೆ ಒಬ್ಬಳು. ಇಬ್ಬರಿಗೂ ಒಂದೇ ಬಟ್ಟೆಯ ಲಂಗ, ಎರಡು ಜಡೆ, ಒಂದೇ ಎತ್ತರ.

ಜುಲೈ 22ರಂದು ದೀಕ್ಷಿತಾ ಆ ನೆಗೆಟಿವನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟಳು. ಅದು ಸುರುಳಿ ಸುತ್ತಿಕೊಂಡಿತು. ಮತ್ತೆ ಇಟ್ಟಳು. ಮತ್ತೆ ಸುತ್ತಿತು. ಕೊನೆಗೆ ಮಗುಚಿ ಇಟ್ಟಳು. ಚಪ್ಪಟೆಯಾಗಿ ಕೂತಿತು. ಸ್ಕ್ಯಾನ್ ಮಾಡಿದಳು. ಎಡದಿಂದ ಎಣಿಸಿದಳು. ಒಂದು, ಎರಡು, ಮೂರು. ಮೂರನೇ ಮುಖವನ್ನು ಕತ್ತರಿಸಿ, ಕಲೆ ತೆಗೆದು, ದೊಡ್ಡದು ಮಾಡಿದಳು.

ಇದು ಜಲಜಾ ಹೌದೋ ಎಂದು ಕೇಳಲು ಆ ಒಂಬತ್ತು ಜನರಲ್ಲಿ ಉಳಿದವರು ಒಬ್ಬರೇ. ಅವರಿಗೆ ಕಣ್ಣಿಲ್ಲ. ವಿನೋದಜ್ಜಿ ಫ್ರೇಮಿನ ಗಾಜನ್ನು ಬೆರಳಿನಲ್ಲಿ ಸವರಿ, "ಚಂದ ಬಂದಿದೆಯಾ?" ಎಂದು ಕೇಳಿದರು. "ಚಂದ ಬಂದಿದೆ," ಎಂದಳು ದೀಕ್ಷಿತಾ.

ಆಗಸ್ಟ್ ಆರು, ಭಾನುವಾರ, ಮಾಣಿಯಲ್ಲಿ ಮದುವೆ ಆಯಿತು.

*

ಸೈಕಲ್ ಹಿಂದೆ ಬಂದ ಮರುದಿನ ಬೆಳಿಗ್ಗೆ ಮುಂಡಪ್ಪ ಮಾವ ಬಂದರು. ಜಗಲಿಯಲ್ಲಿ ಅಜ್ಜಿ ಇದ್ದುದನ್ನು ನೋಡಿ ದೀಕ್ಷಿತಾಳನ್ನು ಹಿಂದಿನ ಬಾಗಿಲಿಗೆ ಕರೆದರು.

"ಮಾಣಿಯಿಂದ ಫೋನ್ ಇತ್ತು," ಎಂದರು ಮೆಲ್ಲಗೆ. "ಹುಡುಗಿ ಬರಲಿಲ್ಲವಂತೆ."

"ಯಾವ ಹುಡುಗಿ?"

"ನಮ್ಮ ಹುಡುಗಿ. ಜಲಜ."

ಆ ಮನೆಯಲ್ಲಿ ಮದುವೆಯ ನಂತರ ದಿನಾ ಮಧ್ಯಾಹ್ನ ಅಂಗಳದಲ್ಲಿ ಎರಡು ಎಲೆ ಬಡಿಸಿಡುವ ಕ್ರಮ. ಗಂಡಿಗೊಂದು, ಹೆಣ್ಣಿಗೊಂದು. ಕಾಗೆ ಮುಟ್ಟಿದರೆ ಬಂದು ಸೇರಿದ ಹಾಗೆ.

"ಮೊದಲ ದಿನ ಗಂಡಿನ ಎಲೆ ಮುಟ್ಟಿತಂತೆ. ಹೆಣ್ಣಿನದ್ದು ಇಲ್ಲ. ಎರಡನೇ ದಿನದಿಂದ ಗಂಡಿನದ್ದೂ ಇಲ್ಲ. ಅವನು ಮನೆಯಲ್ಲಿಲ್ಲ, ಅವಳನ್ನು ಹುಡುಕಲಿಕ್ಕೆ ಹೋಗಿದ್ದಾನೆ ಅಂತ ಅವರು ಹೇಳುವುದು."

ದೀಕ್ಷಿತಾ ಹಿಂದಿನ ಬಾಗಿಲನ್ನು ಎಳೆದುಕೊಂಡಳು.

"ಮಾವ, ಸಂಕಪ್ಪ ಸತ್ತದ್ದು ಹೇಗೆ?"

"ಸೇತುವೆಯಿಂದ ಹೊಳೆಗೆ ಬಿದ್ದು."

"ನಡ್ಕೊಂಡು ಹೋಗುವಾಗಲಾ?"

"ಸೈಕಲಲ್ಲಿ," ಎಂದರು ಮಾವ. "ಯಾಕೆ?"

ಅಂದು ರಾತ್ರಿಯೂ ಗೇಟಿನಲ್ಲಿ ಕಟಕ್ ಎಂದಿತು. ಶುಕ್ರವಾರವೂ. ಅಮ್ಮನಿಗೆ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿತು. "ಪಾಪ, ಎಷ್ಟು ಹೊತ್ತು ನಿಲ್ತಾನೆ," ಎಂದರು.

ಶನಿವಾರ ದೀಕ್ಷಿತಾ ಬೆಳ್ತಂಗಡಿಗೆ ಹೋದಳು. ಗ್ರೂಪ್ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಲು ಹನೀಫಾಕನ ಸ್ಟುಡಿಯೋಗೆ ಕೊಟ್ಟಿದ್ದಳು. ಮದುವೆಗೆ ಇಟ್ಟ ಫೋಟೋಗೆ ಫ್ರೇಮ್ ಹಾಕಿಕೊಟ್ಟವರೂ ಅವರೇ. ಆದರೆ ಅದರಲ್ಲಿ ಇದ್ದದ್ದು ಒಂದು ಮುಖ ಮಾತ್ರ. ಒಂಬತ್ತೂ ಜನರನ್ನು ಅವರು ನೋಡಿದ್ದು ಈಗ.

ಹನೀಫಾಕ ಪ್ರಿಂಟನ್ನು ಮೇಜಿನ ಮೇಲೆ ಹಾಸಿ ನಕ್ಕರು.

"ತಂಗಿ, ನಿಮ್ಮ ಮನೆಯ ಗಂಡಸರೆಲ್ಲ ಎಡಗೈಯವರಾ?"

"ಅಲ್ಲ. ಯಾಕೆ?"

"ಅಂಗಿಯ ಕಿಸೆ ನೋಡು. ನಾಲ್ಕು ಜನ, ನಾಲ್ಕು ಕಿಸೆಯೂ ಅವರ ಎದೆಯ ಬಲಗಡೆ. ಯಾವ ಟೈಲರ್ ಮಾರಾಯ್ತಿ ಅವನು?" ಅವರಿಗೆ ಇನ್ನೂ ನಗು. "ನೆಗೆಟಿವ್ ಮಗುಚಿ ಹಾಕಿದ್ದೀಯ. ಎಡದ್ದು ಬಲ ಆಯ್ತು, ಬಲದ್ದು ಎಡ. ದೊಡ್ಡ ಸಂಗತಿ ಅಲ್ಲ. ಕಂಪ್ಯೂಟರಲ್ಲಿ ಒಂದು ಕ್ಲಿಕ್ ಮಾಡಿದರೆ ಸರಿ ಆಗ್ತದೆ."

ದೀಕ್ಷಿತಾ ನಿಂತಲ್ಲೇ ಎಣಿಸಿದಳು. ಬಲದಿಂದ. ಒಂದು, ಎರಡು, ಮೂರು. ಜಲಜಾ ಅಲ್ಲಿದ್ದಳು. ಎಡದಿಂದ ಮೂರನೆಯ ಹುಡುಗಿ, ಮಾಣಿಯ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಂಡ ಹುಡುಗಿ, ಹದಿಮೂರು ವರ್ಷದ ವಿನೋದಾ.

"ಎಂತ ಆಯ್ತು ತಂಗಿ? ನೀರು ಬೇಕಾ?"

"ಬೇಡ ಹನೀಫಾಕ," ಎಂದಳು.

*

ಮುಂಡಪ್ಪ ಮಾವ ಪೂರ್ತಿ ಕೇಳಿದರು. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಬಿಡಿಸುವ ಕ್ರಮ ಉಂಟಾ ಮಾವ?"

"ಇಲ್ಲ."

"ಯಾರನ್ನಾದರೂ ಕೇಳುವ."

"ಯಾರನ್ನು ಕೇಳುವುದು? ಬದುಕಿದ್ದವರದ್ದಾದರೆ ಕೋರ್ಟಲ್ಲಿ ಬಿಡಿಸಬಹುದು. ಇದಕ್ಕೆ ಕೋರ್ಟು ಎಲ್ಲಿ ಉಂಟು ಮಗಾ?"

ಆದರೂ ಭಾನುವಾರ ಇಬ್ಬರೂ ಸರಿಯಾದ ಫೋಟೋ ಹಿಡಿದು ಮಾಣಿಗೆ ಹೋದರು. ಸಂಕಪ್ಪನ ತಂಗಿ ಎರಡು ಫೋಟೋಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು.

"ಧಾರೆ ಎರೆಯುವಾಗ ಹೆಸರು ಜಲಜ ಅಂತಲೇ ಹೇಳಿದ್ದೇವೆ," ಎಂದಳು ದೀಕ್ಷಿತಾ. "ಹೆಸರು ಸರಿ ಇತ್ತಲ್ಲ?"

"ಹೆಸರು ನಾವು ಹೇಳಿದ್ದು," ಎಂದರು ಆ ಹೆಂಗಸು. "ಅವನು ನೋಡಿದ್ದು ಮುಖ."

ಗೋಡೆಯಲ್ಲಿದ್ದ ಫೋಟೋ ತೆಗೆದು ಜಲಜಾಳದ್ದು ಹಾಕಿದರು. ದೀಪ ಇಟ್ಟರು. ತಪ್ಪಾಯಿತು, ಈ ಹುಡುಗಿಯನ್ನು ಒಪ್ಪಿಸಿಕೊಳ್ಳಬೇಕು ಎಂದು ಮುಂಡಪ್ಪ ಮಾವ ಕೈ ಮುಗಿದು ಬೇಡಿಕೊಂಡರು. ಅಂಗಳದಲ್ಲಿ ಎರಡು ಎಲೆ ಬಡಿಸಿಟ್ಟು ಕಾದರು. ಒಂದು ಗಂಟೆ... ಎರಡು ಗಂಟೆ... ಕಾಗೆಗಳು ಮಾಡಿನ ಮೇಲೆ ಕೂತಿದ್ದವು. ಕೆಳಗೆ ಇಳಿಯಲಿಲ್ಲ.

"ಅವನು ಇಲ್ಲಿ ಇದ್ದರಲ್ಲವಾ ನೋಡುವುದು," ಎಂದರು ಸಂಕಪ್ಪನ ತಂಗಿ. "ಅವನು ನಿಮ್ಮಲ್ಲಿದ್ದಾನೆ."

ಹೊರಡುವಾಗ ಅವರು ದೀಕ್ಷಿತಾಳ ಕೈ ಹಿಡಿದರು. "ಒಳ್ಳೆಯವನು. ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ," ಎಂದರು. ಅದರಿಂದ ಸಮಾಧಾನ ಆಗಲಿಲ್ಲ.

ವಿನೋದಜ್ಜಿಗೆ ಹೇಳುವುದಾ ಬೇಡವಾ? ಸೋಮವಾರ ಸಂಜೆ ದೀಕ್ಷಿತಾ ಹೇಳಿದಳು. ನೆಗೆಟಿವ್ ಸುರುಳಿ ಸುತ್ತಿದ್ದು, ಮಗುಚಿ ಇಟ್ಟದ್ದು, ಕಿಸೆ, ಎಲ್ಲ. ಅಜ್ಜಿ ತಲೆ ಬಗ್ಗಿಸಿ ಕೇಳಿದರು. ಮತ್ತೆ ನಕ್ಕರು.

"ಆ ಕಾಲದಲ್ಲಿ ನನ್ನನ್ನು ನೋಡಲಿಕ್ಕೆ ನಾಲ್ಕು ಜನ ಬಂದು ಹೋದರು. ನಾಲ್ಕು ಜನವೂ ಒಪ್ಪಲಿಲ್ಲ. ಇವನೊಬ್ಬ ಫೋಟೋ ನೋಡಿಯೇ ಒಪ್ಪಿದ."

"ಅಜ್ಜಿ, ತಮಾಷೆ ಅಲ್ಲ."

"ಹುಡುಗ ನೋಡಲಿಕ್ಕೆ ಹೇಗಿದ್ದಾನೆ?"

ದೀಕ್ಷಿತಾ ಅಳಲು ಸುರು ಮಾಡಿದಳು. ಅಜ್ಜಿ ಅವಳ ತಲೆಯನ್ನು ಹುಡುಕಿ ಸವರಿದರು. ಆಮೇಲೆ ಮಾತಾಡಿದಾಗ ಸ್ವರ ಸಣ್ಣದಾಗಿತ್ತು.

"ನನಗೆ ಹೆದರಿಕೆ ಉಂಟು ಮಗಾ. ರಾತ್ರಿ ನನ್ನ ಕೈ ಬಿಡಬೇಡ, ಆಯ್ತಾ?"

"ಬಿಡುವುದಿಲ್ಲ."

*

ಆಗಸ್ಟ್ ಹದಿನಾಲ್ಕು, ಸೋಮವಾರ ರಾತ್ರಿ. ದೀಕ್ಷಿತಾ ತನಗೆ ತಿಳಿದದ್ದೆಲ್ಲ ಮಾಡಿದಳು. ಗೇಟಿಗೆ ಬೀಗ. ಮುಂದಿನ ಬಾಗಿಲಿಗೆ ಮೇಲೆ ಕೆಳಗೆ ಚಿಲಕ. ಕೋಣೆಯ ಬಾಗಿಲಿಗೂ ಚಿಲಕ. ದೀಪ ಆರಿಸಲಿಲ್ಲ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಕಿಟಕಿಯ ಮೇಲಿಟ್ಟಳು. ಅಮ್ಮ ಕೆಳಗೆ ಚಾಪೆಯಲ್ಲಿ ಮಲಗಿದರು. ದೀಕ್ಷಿತಾ ಅಜ್ಜಿಯ ಮಂಚದ ಪಕ್ಕ ಕುರ್ಚಿ ಹಾಕಿ, ಅವರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ನಿದ್ದೆ ಬಾರದ ಹಾಗೆ ಮಗ್ಗಿ ಹೇಳುವ," ಎಂದರು ಅಜ್ಜಿ. "ಒಂದು ನೀನು, ಒಂದು ನಾನು."

ಚಿಕ್ಕಂದಿನಲ್ಲಿ ಹೇಳಿಸುತ್ತಿದ್ದ ಹಾಗೆಯೇ. ಹದಿಮೂರರದ್ದು ಮುಗಿಯಿತು. ಹದಿನಾಲ್ಕು... ಹದಿನೇಳು... ಹನ್ನೆರಡು ಗಂಟೆ ಆಯಿತು, ಒಂದಾಯಿತು. ಹೊರಗೆ ಸದ್ದಿಲ್ಲ. ಮುಗಿದರೆ ಮತ್ತೆ ಹದಿಮೂರರಿಂದ ಸುರು.

ಎರಡು ಗಂಟೆ ಹತ್ತು ನಿಮಿಷಕ್ಕೆ ಗೇಟಿನ ಹೊರಗೆ... ಟಿಕ್.

"ಹತ್ತೊಂಬತ್ತು ಒಂದಲಿ ಹತ್ತೊಂಬತ್ತು," ಎಂದಳು ದೀಕ್ಷಿತಾ, ಸ್ವರ ಏರಿಸಿ.

"ಹತ್ತೊಂಬತ್ತು ಎರಡಲಿ ಮೂವತ್ತೆಂಟು," ಎಂದರು ಅಜ್ಜಿ.

ಟಿಕ್... ಟಿಕ್... ಟಿಕ್... ಗೇಟಿನ ಸದ್ದಾಗಲಿಲ್ಲ. ಆದರೆ ಟಿಕ್ಕು ಅಂಗಳಕ್ಕೆ ಬಂದಿತ್ತು.

"ಹತ್ತೊಂಬತ್ತು ಮೂರಲಿ ಐವತ್ತೇಳು."

"ಹತ್ತೊಂಬತ್ತು ನಾಲ್ಕಲಿ ಎಪ್ಪತ್ತಾರು."

ಟಿಕ್... ಟಿಕ್... ಜಗಲಿಯಲ್ಲಿ. ಬಾಗಿಲು ಕದಲಲಿಲ್ಲ. ಟಿಕ್... ಟಿಕ್... ಹಾಲಿನಲ್ಲಿ. ಟೈಲ್ಸಿನ ಮೇಲೆ ಒದ್ದೆ ಟಯರು ಅಂಟಿ ಬಿಡುವ ಸದ್ದು, ಚಿರ್... ಚಿರ್...

"ಹತ್ತೊಂಬತ್ತು ಐದಲಿ..." ದೀಕ್ಷಿತಾ ಹಿಡಿತ ಬಿಗಿ ಮಾಡಿದಳು. "ತೊಂಬತ್ತೈದು."

ಸದ್ದು ಕೋಣೆಯೊಳಗೆ ಬಂದು ನಿಂತಿತು. ಮಂಚದ ಆಚೆ ಬದಿಯಲ್ಲಿ. ಅಲ್ಲಿ ಗೋಡೆ, ಕ್ಯಾಲೆಂಡರ್, ಔಷಧದ ಸಣ್ಣ ಮೇಜು. ಬೇರೆ ಏನೂ ಕಾಣಲಿಲ್ಲ. ದೀಪ ಉರಿಯುತ್ತಿತ್ತು.

"ಅಜ್ಜಿ, ನಿಮ್ಮದು. ಹತ್ತೊಂಬತ್ತು ಆರಲಿ."

ವಿನೋದಜ್ಜಿ ಆ ಬದಿಗೆ ಮುಖ ತಿರುಗಿಸಿದ್ದರು. ಕಣ್ಣಿದ್ದವರು ನೋಡುವ ಹಾಗೆ.

"ಹತ್ತೊಂಬತ್ತು ಆರಲಿ, ಅಜ್ಜಿ..."

ಕಿರ್ರ್.

ಹಳೆಯ ಸೈಕಲಿನ ಕ್ಯಾರಿಯರ್ ಮೇಲೆ ಒಬ್ಬರು ಕೂತಾಗ ಬರುವ ಸದ್ದು. ಬೇರೆ ಯಾವುದೂ ಹಾಗೆ ಕಿರುಗುಟ್ಟುವುದಿಲ್ಲ.

ಟಿಕ್... ... ಟಿಕ್... ... ಟಿಕ್... ಈಗ ನಿಧಾನ. ಭಾರ ಹೊತ್ತ ಹಾಗೆ. ಕೋಣೆಯಿಂದ ಹಾಲಿಗೆ. ಹಾಲಿನಿಂದ ಜಗಲಿಗೆ. ಅಂಗಳ. ಗೇಟು. ಬಾವಿಯ ಕಡೆಗೆ ಸಣ್ಣದಾಗುತ್ತಾ ಹೋಗಿ ಮುಗಿಯಿತು.

ದೀಕ್ಷಿತಾ ಕೈ ಬಿಟ್ಟಿರಲಿಲ್ಲ. ಬೆಳಿಗ್ಗೆ ಡಾಕ್ಟರ್ ಬಂದು ನೋಡುವವರೆಗೂ ಬಿಡಲಿಲ್ಲ. ಆದರೆ ಆ ಕೈ ಎರಡೂಕಾಲಿಗೇ ತಣ್ಣಗಾಗಿತ್ತು.

ರೆಕಾರ್ಡಿಂಗಿನಲ್ಲಿ ಮಗ್ಗಿ ಉಂಟು. ಅವಳ ಸ್ವರ ಉಂಟು, ಅಜ್ಜಿಯ ಸ್ವರ ಉಂಟು, ಅಮ್ಮನ ಗೊರಕೆ ಉಂಟು. ಟಿಕ್ ಇಲ್ಲ. ಕಿರ್ರ್ ಉಂಟು. ಒಂದೇ ಸಲ.

ಬೆಳಿಗ್ಗೆ ಆರು ಗಂಟೆಗೆ, ಇನ್ನೂ ಯಾರಿಗೂ ಸುದ್ದಿ ಕೊಡುವ ಮೊದಲು, ಮಾಣಿಯಿಂದ ಮುಂಡಪ್ಪ ಮಾವನಿಗೆ ಫೋನ್ ಬಂತು. ನಿನ್ನೆಯ ಎಲೆಗಳನ್ನು ಅಂಗಳದಲ್ಲೇ ಬಿಟ್ಟಿದ್ದರಂತೆ. ಎದ್ದು ನೋಡಿದರೆ ಎರಡು ಎಲೆಯೂ ಖಾಲಿ.

"ಹುಡುಗಿ ಬಂದಳು ಅಂತ ಕಾಣ್ತದೆ," ಎಂದರು ಸಂಕಪ್ಪನ ತಂಗಿ.

*

ಇದರಲ್ಲಿ ಕೈಯಿಂದ ಸೇರಿಸಿದ್ದು ಒಂದು ಸಾಲೂ ಇಲ್ಲ. ಮುಂಡಪ್ಪ ಮಾವ ಇದ್ದಾರೆ, ಹನೀಫಾಕ ಇದ್ದಾರೆ, ಕೇಳಬಹುದು. ಜಲಜಾಳಿಗೆ ಇನ್ನೂ ಗಂಡು ಹುಡುಕುತ್ತಿದ್ದಾರೆ. ಫೋಟೋ ಕೊಡಲು ಮಾತ್ರ ದೀಕ್ಷಿತಾ ಒಪ್ಪುತ್ತಿಲ್ಲ.

ಉಳಿದದ್ದು ಒಂದು ವಿಷಯ. ಉತ್ತರಕ್ರಿಯೆಯ ಬೊಜ್ಜಕ್ಕೆ ಎರಡು ದಿನ ಇರುವಾಗ ವಿನೋದಜ್ಜಿಯ ಚಿಕ್ಕಂದಿನ ಮುಖವೂ ಇರಲಿ ಎಂದು ದೀಕ್ಷಿತಾ ಆ ಗ್ರೂಪ್ ಫೋಟೋ ತೆರೆದಳು. ನೋಡಿದಳು. ಮುಚ್ಚಿ ಮತ್ತೆ ತೆರೆದಳು. ಫೈಲ್ ಕೊನೆಯದಾಗಿ ಬದಲಾದ ತಾರೀಕು ಜುಲೈ 22 ಎಂದೇ ಇತ್ತು. ಗಾತ್ರವೂ ಅಂದು ಬರೆದಿಟ್ಟಷ್ಟೇ. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹನೀಫಾಕ ಕೊಟ್ಟ ಪ್ರಿಂಟನ್ನು ಹಾಸಿದಳು. ಮಸ್ಕತ್ತಿಗೆ ಫೋನ್ ಮಾಡಿ, ಕಾರಣ ಹೇಳದೆ, ಜುಲೈಯಲ್ಲಿ ಕಳಿಸಿದ ಫೈಲ್ ತೆರೆದು ಜನ ಎಣಿಸು ಎಂದಳು. ತರುಣ್ ಎಣಿಸಿದ. ತಡಿ ಎಂದು ಇನ್ನೊಮ್ಮೆ ಎಣಿಸಿದ.

ಲಕೋಟೆಯ ಮೇಲೆ ಈಗಲೂ ಒಂಬತ್ತು ಹೆಸರು ಉಂಟು. ಫೋಟೋದಲ್ಲಿ ಹಿರಿಯರ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ, ಅಲ್ಲಿ ಸ್ಟುಡಿಯೋದ ಪರದೆ ಕಾಣುತ್ತದೆ. ಪರದೆಯ ನೆರಿಗೆ ಕೂಡ ಸರಿಯಾಗಿದೆ.

ಜನ ಎಂಟು.